ನಾಟಕ ಕಲಿಸುವುದು ತಾಲೀಮಿನಲ್ಲಿ

ಡಿಸೆಂಬರ್ ತಿಂಗಳು ಬಂತೆಂದರೆ ಸುತ್ತಲಿನ ಶಾಲೆಗಳಿಂದ ನನಗೆ ಕರೆ ಬರತೊಡಗುತ್ತದೆ. ವಾರ್ಷಿಕೋತ್ಸವ ಹತ್ತಿರವಿದೆ, 15 ದಿನಗಳಲ್ಲಿ ಒಂದು ನಾಟಕ ಮಾಡಿಸಿಕೊಡಬೇಕು ಎಂಬುದು ಕೋರಿಕೆ. ಮಾತು ಚುರುಕಾಗಿರುವ ಏಳೆಂಟು ಮಕ್ಕಳನ್ನು ಅವರೇ ಆರಿಸಿಟ್ಟಿರುತ್ತಾರೆ. ಉಡುಪು ಬಾಡಿಗೆಗೆ ಕೊಡುವ ಅಂಗಡಿಗೂ ಹೇಳಿಯಾಗಿರುತ್ತದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ರಂಗಶಿಕ್ಷಕನಾಗಿ ಹಲವು ವರ್ಷಗಳಿಂದ ದುಡಿಯುತ್ತಿರುವ ನನಗೆ ಈ ಕೋರಿಕೆಯ ಹಿಂದಿರುವ ಪ್ರೀತಿ ಅರ್ಥವಾಗುತ್ತದೆ. ಆದರೆ ಪ್ರಶ್ನೋತ್ತರಗಳನ್ನು ಉರು ಹೊಡೆದ ಹಾಗೆಯೇ ಸಂಭಾಷಣೆಯನ್ನೂ ಉರು ಹೊಡೆದು ಮೈಕಿನ ಮುಂದೆ ಒಪ್ಪಿಸುವ ಮಕ್ಕಳಿಗೆ ಆ ನಾಟಕದಿಂದ ದಕ್ಕುವುದು ಬಹಳ ಕಡಿಮೆ, ಆರಿಸದೆ ಬಿಟ್ಟ ಮಕ್ಕಳಿಗಂತೂ ಏನೂ ಇಲ್ಲ. ಶಾಲೆಯಲ್ಲಿ ನಾಟಕದ ಬೆಲೆ ಇರುವುದು ತಾಲೀಮಿನಲ್ಲಿ, ಅದರಲ್ಲೂ ಎದುರಿನವರು ಆಡಿದ ಮಾತನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಉತ್ತರ ಕೊಡಬೇಕಾದ ಅದರ ಕಟ್ಟುಪಾಡಿನಲ್ಲಿ.

ಎಂಟನೆಯ ತರಗತಿಯೊಂದಿಗೆ ಗೋವಿನ ಹಾಡನ್ನು ಕೈಗೆತ್ತಿಕೊಂಡಾಗ ನಡೆದದ್ದನ್ನು ಇಲ್ಲಿ ವಿವರವಾಗಿ ಹೇಳಬೇಕು. ಪುಣ್ಯಕೋಟಿಯ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ; ಹಾಗಾಗಿಯೇ ಅದರ ಬಗ್ಗೆ ಯೋಚಿಸುವ ಪ್ರಮೇಯ ಅವರಿಗೆ ಬಂದಿರುವುದಿಲ್ಲ. ನಾನು ಹಾಡನ್ನು ನಾಟಕವಾಗಿ ಬರೆದು ಪಾತ್ರ ಹಂಚಲಿಲ್ಲ. ತರಗತಿಯ 40 ಮಕ್ಕಳೂ ದೊಡ್ಡಿಯ ಹಸುಗಳಾದರು. ಹುಲಿಗೆ ಮಾತು ಕೊಟ್ಟು ಬಂದ ಪುಣ್ಯಕೋಟಿ ಕರುವಿಗೆ ಹಾಲೂಡಿಸಿ ಹೊರಡಲು ನಿಂತಿದ್ದಾಳೆ, ಅವಳನ್ನು ಕಳಿಸಬೇಕೋ ಬೇಡವೋ ಎಂದು ಹಸುಗಳು ತೀರ್ಮಾನಿಸಬೇಕು. ಕೊಟ್ಟ ಮಾತು ಉಳಿಸಿಕೊಳ್ಳಬೇಕು ಎಂದು ಪಾಠದ ಉತ್ತರವನ್ನೇ ಹಲವರು ಒಪ್ಪಿಸಿದರು. ಆಗ ನಾನು ಹೆಗಲಿಗೆ ಟವೆಲು ಹಾಕಿಕೊಂಡು, ಕೋಲು ಹಿಡಿದು, ಗೊಲ್ಲ ಕಾಳಿಂಗನಾಗಿ ಒಳಬಂದು “ಪುಣ್ಯಕೋಟಿ ಎಲ್ಲಮ್ಮಾ, ಹಾಲು ಕರೆಯೋ ಹೊತ್ತಾಯ್ತು” ಎಂದು ಕೇಳಿದೆ. ನಾಲ್ಕಾರು ಮಕ್ಕಳು ಪುಣ್ಯಕೋಟಿಯಾಗಿದ್ದ ಹುಡುಗಿಯನ್ನು ತಟ್ಟನೆ ತಮ್ಮ ಬೆನ್ನ ಹಿಂದೆ ಮರೆಮಾಡಿಕೊಂಡರು. ಒಬ್ಬಳು “ನೀರು ಕುಡಿಯೋಕೆ ಹೋಗವ್ಳೆ” ಎಂದಳು. ಒಂದು ನಿಮಿಷದ ಹಿಂದಷ್ಟೇ ಸತ್ಯವನ್ನು ಹೊಗಳುತ್ತಿದ್ದ ತರಗತಿ ಗೆಳತಿಯನ್ನು ಉಳಿಸಲು ಸುಳ್ಳು ಹೇಳಿತ್ತು, ಮತ್ತು ಹಾಗೆ ಹೇಳಿದ್ದು ಅದಕ್ಕೇ ಗೊತ್ತಾಗಿ ಕೋಣೆ ನಿಶ್ಶಬ್ದವಾಯಿತು.

ಆ ನಿಶ್ಶಬ್ದದಲ್ಲಿ ಮಾತಾಡಿದವನು, ಅಲ್ಲಿಯವರೆಗೆ ಯಾವ ತರಗತಿಯಲ್ಲೂ ಬಾಯಿ ಬಿಡದಿದ್ದ ಒಬ್ಬ ಹುಡುಗ. ಅವನ ಮನೆಯವರು ಕುರಿ ಸಾಕುತ್ತಾರೆ. “ಅವನಿಗೆ ನಿಜ ಹೇಳ್ಬೇಕು. ಒಂದು ಮರಿ ಕಮ್ಮಿ ಆದ್ರೆ ಕಾಯೋನು ರಾತ್ರಿಯೆಲ್ಲಾ ಹುಡುಕ್ತಾನೆ” ಎಂದ. ಸತ್ಯ ಎಂಬುದು ಹುಲಿಗೆ ಕೊಟ್ಟ ಮಾತಿನಲ್ಲಿ ಮಾತ್ರವಲ್ಲ, ಕಾಯುವವನಿಗೆ ಹೇಳಬೇಕಾದ ಮಾತಿನಲ್ಲೂ ಇದೆ ಎಂಬ ಈ ತಿಳಿವಳಿಕೆ ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಅದು ಅವನ ಹಟ್ಟಿಯಿಂದ ಬಂದದ್ದು. ಮುಂದಿನ ಮೂರು ವಾರ ನಾವು ಈ ಒಂದೇ ದೃಶ್ಯವನ್ನು ಬಗೆಬಗೆಯಾಗಿ ಆಡಿ ನೋಡಿದೆವು. ಬರೆದ ಮಾತುಗಳು ಹುಟ್ಟಿದ್ದು ಆಮೇಲೆ, ಬರೆದದ್ದೂ ಮಕ್ಕಳೇ.

ಶಿಕ್ಷಕರೇ ಪಾತ್ರವಾಗಿ ಒಳಬಂದು ಮಕ್ಕಳನ್ನು ಪೇಚಿಗೆ ಸಿಲುಕಿಸುವ ಈ ಕ್ರಮವನ್ನು ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ತಮ್ಮ ತರಗತಿಗಳಲ್ಲಿ ಬೆಳೆಸಿದರು. ನಮ್ಮಲ್ಲಿ ಗುಬ್ಬಿ ಕಂಪನಿಯಲ್ಲಿ ಬಾಲನಟರಾಗಿ ಬೆಳೆದ ಬಿ.ವಿ. ಕಾರಂತರು ದೆಹಲಿಯ ಶಾಲೆಯೊಂದರಲ್ಲಿ ನಾಟಕದ ಮೇಷ್ಟ್ರಾಗಿದ್ದರು, ಮುಂದೆ ಕನ್ನಡದ ಮಕ್ಕಳಿಗಾಗಿ ಹಾಡು ತುಂಬಿದ ನಾಟಕಗಳನ್ನು ಕಟ್ಟಿದರು. ಕಲ್ಲು, ಬಿದಿರು, ತಗಡು ಯಾವುದರಿಂದಲೂ ನಾದ ಹೊರಡಿಸಬಹುದೆಂಬ ಅವರ ದಾರಿ ಬಡ ಶಾಲೆಗೆ ದೊಡ್ಡ ಆಸರೆ. ಬೆಂಚು ತಟ್ಟಿದರೆ ಗುಡುಗು, ಒಣ ಎಲೆ ಉಜ್ಜಿದರೆ ಕಾಡು.

ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಆಡುವ ಮಕ್ಕಳಿಗೆ ತಾಲೀಮಿನಿಂದ ಆಗುವ ಲಾಭವನ್ನು ಭಾಷಾ ಶಿಕ್ಷಕರು ಬೇಗ ಗುರುತಿಸುತ್ತಾರೆ. ಓದುವಾಗ ತಪ್ಪಿದರೆ ನಾಚಿ ನಿಲ್ಲಿಸುವ ಮಗು, ಪಾತ್ರದಲ್ಲಿದ್ದಾಗ ಅದೇ ವಾಕ್ಯವನ್ನು ಹತ್ತು ಸಲ ಹೇಳಲು ಬೇಸರಿಸುವುದಿಲ್ಲ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲಿಯೇ ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಲಿ ಎಂದಿತ್ತು. ಆದರೂ ಗಣಿತದ ಪಾಠ ಹಿಂದುಳಿದಾಗ ಮೊದಲು ಹೋಗುವುದು ನಾಟಕದ ಪೀರಿಯಡ್ಡೇ, ಮತ್ತು ಇದು ನನಗೆ ಇಂದಿಗೂ ನೋವಿನ ಸಂಗತಿ.

ಶಾಲೆಯ ಗೋಡೆಯಾಚೆ ನೋಡಿದರೆ ಈ ಕಲಿಕೆ ನಮ್ಮ ಊರುಗಳಿಗೆ ಹೊಸದಲ್ಲ. ತುಮಕೂರು, ಮಂಡ್ಯದ ಕಡೆ ಸುಗ್ಗಿ ಮುಗಿದ ಮೇಲೆ ಊರ ಗಂಡಸರು ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಎರಡು ಮೂರು ತಿಂಗಳು ಪೌರಾಣಿಕ ನಾಟಕದ ತಾಲೀಮು ನಡೆಸುತ್ತಾರೆ. ಸೀನರಿಗೂ ಮೇಷ್ಟ್ರಿಗೂ ಪಾತ್ರಧಾರಿಗಳೇ ಹಣ ಹಾಕುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು ತೆರಬೇಕು. ಅಕ್ಷರ ಬಾರದ ಹಿರಿಯರು ಕಂದಪದ್ಯಗಳನ್ನು ಕೇಳಿ ಕೇಳಿಯೇ ಕಲಿತು, ಬೆಳಗಿನ ಜಾವದವರೆಗೆ ಹಾಡುತ್ತಾರೆ. ಹೊಲದ ಬದುವಿಗಾಗಿ ಜಗಳವಾಡಿ ಮಾತು ಬಿಟ್ಟವರು ತಾಲೀಮಿನಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಕಾಯಲೇಬೇಕಾಗಿ ಬರುವುದನ್ನು ನಾನು ಕಂಡಿದ್ದೇನೆ. ಇದೇ ಕಲಿಕೆಯನ್ನು ಇನ್ನೊಂದು ಬಗೆಯಲ್ಲಿ ಬೆಳೆಸಿದ ಊರು ಹೆಗ್ಗೋಡು. 1949ರಲ್ಲಿ ಅಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. 1985ರಿಂದ ಅದರ ತಿರುಗಾಟ ತಂಡ ರಾಜ್ಯದ ಊರೂರಿಗೆ ನಾಟಕ ಒಯ್ಯುತ್ತಿದೆ.

ಊರ ಪೌರಾಣಿಕ ನಾಟಕದಲ್ಲಿ ನನ್ನನ್ನು ಕಾಡುವ ಒಂದು ಕೊರತೆಯಿದೆ. ದ್ರೌಪದಿ, ರುಕ್ಮಿಣಿಯರ ಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಹಣ ಕೊಟ್ಟು ಕರೆಸುತ್ತಾರೆ. ಆ ಕಲಾವಿದೆಯರ ಕಸುವು ದೊಡ್ಡದು, ಅವರಿಲ್ಲದೆ ನಾಟಕವೇ ನಡೆಯದು. ಆದರೆ ಊರ ಹೆಣ್ಣುಮಕ್ಕಳು ಪ್ರೇಕ್ಷಕರಾಗಿಯೇ ಉಳಿಯುತ್ತಾರೆ, ಅವರು ಹತ್ತು ಜನರ ಮುಂದೆ ನಿಂತು ದನಿಯೆತ್ತುವ ಮೊದಲ ಜಾಗ ಶಾಲೆಯ ತಾಲೀಮಿನ ಕೋಣೆ. ಆದ್ದರಿಂದಲೇ ನಾನು ಮುಖ್ಯೋಪಾಧ್ಯಾಯರಲ್ಲಿ ಕೇಳುವುದು ವಾರಕ್ಕೆ ಒಂದು ಪೂರ್ತಿ ಪೀರಿಯಡ್, ಬೆಂಚು ಸರಿಸಲು ಬರುವ ಒಂದು ಕೋಣೆ, ಇಡೀ ತರಗತಿ. ಉಡುಪು, ಬಣ್ಣ, ಮೈಕು ಇಲ್ಲದಿದ್ದರೂ ನಡೆಯುತ್ತದೆ.

ಕಳೆದ ವರ್ಷ ಊರವರ ತಾಲೀಮು ನಮ್ಮ ಶಾಲೆಯ ಜಗಲಿಯಲ್ಲೇ ನಡೆಯಿತು. ಸಂಜೆ ಕಂಬಕ್ಕೊರಗಿ ಕೇಳುತ್ತಿದ್ದ ನನ್ನ ವಿದ್ಯಾರ್ಥಿನಿಯರಿಗೆ ತಿಂಗಳು ಕಳೆಯುವಷ್ಟರಲ್ಲಿ ದ್ರೌಪದಿಯ ಪದಗಳೆಲ್ಲ ಬಂದಿದ್ದವು. ಈ ಬಾರಿ ಅವರ ಹೆತ್ತವರನ್ನು ಕೇಳಿ ಒಪ್ಪಿಸಿ, ಮೇಷ್ಟ್ರ ಬಳಿಯೂ ಮಾತು ಎತ್ತಿದ್ದೇನೆ. ಮೊದಲು ಇಬ್ಬರು ಸಖಿಯರ ಪಾತ್ರದಿಂದ ಶುರು ಮಾಡೋಣ ಎಂದಿದ್ದಾರೆ.