‘ವೆಂಟಿಲೇಟರ್ ಬೇಡ’ ಅಂತ ಮಕ್ಕಳಿಗೆ ಹೇಳಿದ್ದರೆ ಸಾಕೇ?

ಪ್ರಶ್ನೆ: ನನಗೆ 67 ವರ್ಷ. ಗುಣವಾಗುವ ಭರವಸೆಯೇ ಇಲ್ಲದ ಸ್ಥಿತಿ ಬಂದರೆ ಯಂತ್ರದ ಮೇಲೆ ಇಟ್ಟುಕೊಂಡು ಎಳೆಯಬೇಡಿ ಎಂದು ಮಗ, ಮಗಳು ಇಬ್ಬರಿಗೂ ಹೇಳಿದ್ದೇನೆ. ಬರೆದೂ ಇಡಬೇಕೇ? ಹೇಗೆ?

ಉತ್ತರ: ಬರೆದೇ ಇಡಿ. ಐಸಿಯು ಬಾಗಿಲಲ್ಲಿ ಮಗನಿಗೆ ನೆನಪಾಗುವ ಮಾತು ಒಂದು, ಮಗಳಿಗೆ ಇನ್ನೊಂದು. ಅಮೆರಿಕದಿಂದ ಫೋನ್ ಮಾಡುವ ತಮ್ಮನದು ಮೂರನೆಯದು. ಮನೆಯವರಲ್ಲೇ ಒಮ್ಮತವಿಲ್ಲದಿದ್ದರೆ ವೈದ್ಯರು ಚಿಕಿತ್ಸೆ ಮುಂದುವರಿಸುತ್ತಾರೆ. ಅವರನ್ನು ದೂರುವಂತಿಲ್ಲ.

ಈ ಪತ್ರಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಅಥವಾ ಲಿವಿಂಗ್ ವಿಲ್ ಎನ್ನುತ್ತಾರೆ. ಸುಪ್ರೀಂ ಕೋರ್ಟ್ ಇದಕ್ಕೆ ಮಾನ್ಯತೆ ಕೊಟ್ಟಿದ್ದು 2018ರ ಮಾರ್ಚ್ 9ರಂದು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರ ಆದೇಶ ಆ ತೊಡಕು ತೆಗೆಯಿತು. ಈಗ ಇಬ್ಬರು ಸಾಕ್ಷಿಗಳ ಎದುರು ನೀವು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಆಯಿತು. ನಿಮ್ಮ ಆಸ್ತಿಯಲ್ಲಿ ಪಾಲಿಲ್ಲದವರನ್ನೇ ಸಾಕ್ಷಿಗೆ ಕರೆಯಿರಿ. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿ 30ರಂದು ಈ ಬಗ್ಗೆ ಸುತ್ತೋಲೆ ಹೊರಡಿಸಿದೆ.

ಹೆಚ್ಚಿನವರು ಎಡವುವುದು ಒಕ್ಕಣೆಯಲ್ಲಿ. ‘ನನಗೆ ವೆಂಟಿಲೇಟರ್ ಬೇಡ’ ಎಂದಷ್ಟೇ ಬರೆದರೆ ಅಪಾಯ. ನ್ಯುಮೋನಿಯಾ ಆದಾಗ ನಾಲ್ಕು ದಿನ ವೆಂಟಿಲೇಟರ್‌ನಲ್ಲಿದ್ದು ಎದ್ದು ಮನೆಗೆ ಬರುವವರಿದ್ದಾರೆ. ಆದ್ದರಿಂದ ಮೊದಲು ಸ್ಥಿತಿ, ಆಮೇಲೆ ಚಿಕಿತ್ಸೆ ಬರೆಯಿರಿ: ‘ನಿರ್ಧಾರ ಹೇಳುವ ಶಕ್ತಿ ನನಗಿಲ್ಲದೆ, ಚೇತರಿಕೆಯ ಸಾಧ್ಯತೆಯೂ ಇಲ್ಲವೆಂದು ವೈದ್ಯಕೀಯ ಮಂಡಳಿಗಳು ತೀರ್ಮಾನಿಸಿದರೆ ವೆಂಟಿಲೇಟರ್, ಡಯಾಲಿಸಿಸ್, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ಮತ್ತೆ ಬಡಿಸುವ ಯತ್ನ) ಬೇಡ, ಶುರು ಮಾಡಿದ್ದರೆ ನಿಲ್ಲಿಸಿ. ನೋವು, ಉಸಿರಾಟದ ಸಂಕಟ ತಗ್ಗಿಸುವ ಔಷಧಿ ಮಾತ್ರ ಕೊನೆಯವರೆಗೂ ಕೊಡಿ.’ ಮೂಗಿನ ನಳಿಕೆಯ ಆಹಾರದ ಬಗ್ಗೆಯೂ ಬೇಕೋ ಬೇಡವೋ ಒಂದು ಸಾಲು ಇರಲಿ. ಮನೆಯವರು ಹೆಚ್ಚು ತಳಮಳಿಸುವುದು ಅಲ್ಲೇ. ಒಕ್ಕಣೆ ಅಸ್ಪಷ್ಟವಾಗಿದ್ದರೆ ವೈದ್ಯರ ಮಂಡಳಿ (ಅದರ ವಿವರ ಮುಂದಿದೆ) ಆ ಪತ್ರವನ್ನೇ ಬದಿಗಿಡಬಹುದು. ಸಹಿಗೆ ಮುಂಚೆ ನಿಮ್ಮ ಕುಟುಂಬ ವೈದ್ಯರಿಗೊಮ್ಮೆ ಓದಿ ತೋರಿಸಿ. ಕನ್ನಡದಲ್ಲೇ ಬರೆಯಬಹುದು.

ನಿಮ್ಮ ಪರವಾಗಿ ಮಾತಾಡಲು ಕನಿಷ್ಠ ಇಬ್ಬರ ಹೆಸರು ಹಾಕಿ. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ನಡೆಯಬೇಕೆಂಬುದನ್ನೂ ಬರೆಯಿರಿ. ಅತಿ ಪ್ರೀತಿಯ ಮಗುವಿಗಿಂತ, ಒತ್ತಡದಲ್ಲೂ ನಿಮ್ಮ ಮಾತಿಗೆ ಕಟ್ಟುಬೀಳುವ ಮಗು ಈ ಕೆಲಸಕ್ಕೆ ಒಳ್ಳೆಯದು.

ಬ್ಯಾಂಕ್ ಲಾಕರ್‌ನಲ್ಲಿಟ್ಟ ಪತ್ರ ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿ ಯಾರ ಕೈಗೂ ಸಿಗದು. ಹೆಸರಿಸಿದ ಇಬ್ಬರಿಗೂ ಕುಟುಂಬ ವೈದ್ಯರಿಗೂ ಪ್ರತಿ ಕೊಡಿ, ಫೋನಿನಲ್ಲೂ ಒಂದು ಸ್ಕ್ಯಾನ್ ಇರಲಿ. ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಗೂ ಒಂದು ಪ್ರತಿ ಸಲ್ಲಬೇಕು. ಅಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಪತ್ರ ಕೈಗೆ ಸಿಗುವ ಮೊದಲೇ ವೆಂಟಿಲೇಟರ್ ಹಾಕಿಬಿಟ್ಟರೂ ಗಾಬರಿ ಬೇಡ. ಹಾಕಿದ ಮೇಲೆ ತೆಗೆಯುವಂತಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಆದರೆ ಪತ್ರ ತೋರಿಸಿದ ಕೂಡಲೇ ಯಂತ್ರ ನಿಲ್ಲಿಸುವುದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರ ಮಂಡಳಿ ಮೊದಲು ಪರಿಶೀಲಿಸುತ್ತದೆ. ಆಮೇಲೆ ಬೇರೆಯೇ ಮೂವರ ಎರಡನೇ ಮಂಡಳಿ. ಅದರಲ್ಲೊಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸುತ್ತಾರೆ. ಪ್ರತಿ ಮಂಡಳಿಯೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಪತ್ರದಲ್ಲಿ ನೀವು ಹೆಸರಿಸಿದವರ ಒಪ್ಪಿಗೆಯೂ ಬೇಕು. ಜಾರಿಗೆ ಮುನ್ನ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಇಂಜೆಕ್ಷನ್ ಕೊಟ್ಟು ಜೀವ ತೆಗೆಯಿರಿ ಎಂದು ಬರೆಯಲು ಇದರಲ್ಲಿ ಅವಕಾಶವಿಲ್ಲ, ಅದು ಅಪರಾಧ. ಇನ್ನು, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು. ಹೊಸದು ಬರೆದಾಗ ಹಳೆಯ ಪ್ರತಿಗಳನ್ನು ಎಲ್ಲರಿಂದಲೂ ವಾಪಸ್ ಪಡೆದು ಹರಿದುಹಾಕಿ.