ಪರೀಕ್ಷಾ ಉತ್ಖನನ ಅಂದರೆ ಪಾಯ ತೋಡುವುದಲ್ಲ

ಹಳೇಬೀಡಿನ ಕಡೆ ಯಾರದೋ ಮನೆಯ ಪಾಯ ತೆಗೆಯುವಾಗ ಮುರಿದ ವಿಗ್ರಹ ಸಿಕ್ಕಿದರೆ ಸಾಕು, 'ಉತ್ಖನನದ ವೇಳೆ ಪತ್ತೆ' ಎಂದು ಪತ್ರಿಕೆಯವರು ಬರೆಯುತ್ತಾರೆ. ಪೈಪ್‌ಲೈನಿಗೆ ಜೆಸಿಬಿ ಬಿಟ್ಟರೂ ಉತ್ಖನನ, ಕೆರೆ ಹೂಳೆತ್ತಿದರೂ ಉತ್ಖನನ. ಈಗ 'ಪರೀಕ್ಷಾ ಉತ್ಖನನ'ಕ್ಕೂ, ಅಂದರೆ ಕಟ್ಟುವ ಮೊದಲು ನೆಲದಡಿ ಹಳೆಯದೇನಾದರೂ ಇದೆಯಾ ಎಂದು ಪುರಾತತ್ವದವರು ಅಗೆದು ನೋಡುವುದಕ್ಕೂ, ಅದೇ ಗತಿ ಬಂದಿದೆ. ಎಂಜಿನಿಯರ್ ಮಾಡಿಸುವ ಮಣ್ಣು ಪರೀಕ್ಷೆಗೆ ಆ ಹೆಸರು ಅಂಟಿಸುತ್ತಿದ್ದಾರೆ.

ಪದದ ಮೂಲ ಹಿಡಿದು ವಾದಕ್ಕೆ ಬರುವವರೂ ಇದ್ದಾರೆ. ಸಂಸ್ಕೃತದ 'ಖನ್' ಅಂದರೆ ಅಗೆ, ನಿಜ. ಅದರಿಂದಲೇ ಖನಿ ಬಂತು, ಕನ್ನಡದ ಬಾಯಲ್ಲಿ ಅದು ಗಣಿ ಆಯಿತು. ಗಣಿಯಲ್ಲಿ ಹುಟ್ಟಿದ್ದು ಖನಿಜ. ಅರಗಿನ ಮನೆಯಿಂದ ಪಾಂಡವರು ಪಾರಾಗಲು ಸುರಂಗ ತೋಡಿಕೊಟ್ಟವನು ಖನಕ. 'ಉತ್' ಸೇರಿದರೆ ಅಗೆದು ಮೇಲೆ ತೆಗೆಯುವುದು. 'ಅಷ್ಟೇ ಅಲ್ವಾ?' ಅನ್ನುತ್ತಾರೆ. ಅಷ್ಟೇ ಅಲ್ಲ. ಗಣಿಗೂ ಅದೇ ಧಾತು, ಹಾಗಂತ ಬಾವಿ ತೋಡುವವನನ್ನು ಗಣಿಗಾರ ಅನ್ನುತ್ತೇವಾ? ಪದ ಒಂದು ಕಸುಬಿನ ಪಾಲಾದ ಮೇಲೆ ಅರ್ಥ ಹೇಳುವುದು ಆ ಕಸುಬು. ಪಾಯಕ್ಕೆ ಅಗೆ, ತೋಡು, ಬಗೆ ಅಂತ ನಮ್ಮವೇ ಮಾತುಗಳು ಬೇಕಾದಷ್ಟಿವೆ.

ಪುರಾತತ್ವದವರಿಗೆ ಉತ್ಖನನ ಅಂದರೆ ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸುವುದು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮಾಡಿದ್ದು ಇದನ್ನೇ. ಕೆಳಗಿನ ಪದರ ಸಾಮಾನ್ಯವಾಗಿ ಹಳೆಯದು. ಆದರೆ ನಡುವೆ ಯಾರೋ ಹಗೇವು (ಕಾಳು ತುಂಬಿಡುವ ಗುಂಡಿ) ತೋಡಿದ್ದರೆ ಹೊಸ ಮಡಕೆ ಚೂರು ಹಳೆಯ ಪದರದ ಮಟ್ಟಕ್ಕೆ ಇಳಿದಿರುತ್ತದೆ. ಗುಂಡಿಯ ಗೋಡೆಯಲ್ಲಿ ಮಣ್ಣಿನ ಬಣ್ಣ ನೋಡಿ ಅದನ್ನು ಹಿಡಿಯಬೇಕು. ಜೆಸಿಬಿ ಬಕೆಟ್ ಇಳಿದ ಮೇಲೆ ಯಾವ ಗೋಡೆ, ಯಾವ ಬಣ್ಣ? ವಿಗ್ರಹವೇನೋ ಉಳಿಯಬಹುದು. ಅದು ನೆಲಕ್ಕೆ ಬಿದ್ದದ್ದು 1311ರಲ್ಲಿ ದಿಲ್ಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ಮಾಡಿದ ದಾಳಿಯ ಹೊತ್ತಿಗೋ, ಎಷ್ಟೋ ಕಾಲದ ನಂತರವೋ ಎಂದು ಹೇಳಬೇಕಾದ ಮಣ್ಣು ಟ್ರ್ಯಾಕ್ಟರ್ ಹತ್ತಿ ಹೋಗಿರುತ್ತದೆ.

ಇದಾಗಬಾರದು ಅಂತಲೇ ಪರೀಕ್ಷಾ ಉತ್ಖನನ. ಕಟ್ಟುವ ಮೊದಲು ಸೈಟಿನ ಸ್ವಲ್ಪ ಭಾಗದಲ್ಲಿ ಮಾತ್ರ ಕಿರಿದಾದ ಕಂದಕ ತೆಗೆದು ನೋಡುತ್ತಾರೆ. ಕೆಳಗೆ ಏನಾದರೂ ಇದೆಯಾ? ಎಷ್ಟು ಆಳದಲ್ಲಿ? ಎಷ್ಟರಮಟ್ಟಿಗೆ ಕೆಡದೆ ಉಳಿದಿದೆ? ಉತ್ತರ ನೋಡಿಕೊಂಡು ಪಾಯ ಸರಿಸಬಹುದು, ಆಳ ತಗ್ಗಿಸಬಹುದು, ಪೂರ್ತಿ ಉತ್ಖನನಕ್ಕೆ ಇಳಿಯಬಹುದು. ಏನೂ ಇಲ್ಲ ಅಂತ ಗೊತ್ತಾದರೆ ಅದೂ ಒಂದು ಉತ್ತರವೇ. 'ಏನೂ ಸಿಗದೆ ವಿಫಲ' ಎಂಬ ತಲೆಬರಹ ಹಾಕುವವರು ಇದನ್ನು ನಿಧಿ ಹುಡುಕಾಟ ಅಂದುಕೊಂಡಿರಬೇಕು. ಮಣ್ಣು ಪರೀಕ್ಷೆ ಕೇಳುವುದೇ ಬೇರೆ: ಈ ನೆಲ ಎಷ್ಟು ಭಾರ ತಡೆಯುತ್ತದೆ?

ಲಂಡನ್ನಿನಲ್ಲಿ 1989ರಲ್ಲಿ ಕಚೇರಿ ಕಟ್ಟಡವೊಂದರ ಜಾಗದಲ್ಲಿ ಷೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಅವಶೇಷ ಬಯಲಾಗಿ ದೊಡ್ಡ ಗಲಾಟೆಯಾಯಿತು. ಮರುವರ್ಷವೇ ಇಂಗ್ಲೆಂಡ್ ಸರ್ಕಾರ ಮಾರ್ಗಸೂಚಿ ತಂದಿತು: ಅನುಮತಿ ಕೊಡುವ ಮೊದಲೇ ಇಂಥ ಪರೀಕ್ಷೆ ಮಾಡಿಸುವಂತೆ ಕೇಳಬಹುದು.

ನಮ್ಮಲ್ಲಿ ಅಳತೆ ಟೇಪಿನದು. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ ಆದ 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಕಟ್ಟಡಕ್ಕೆ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ದೋರಸಮುದ್ರದಂಥ (ಇಂದಿನ ಹಳೇಬೀಡು) ಹೊಯ್ಸಳ ರಾಜಧಾನಿ 300 ಮೀಟರಿಗೆ ಮುಗಿಯುತ್ತಿತ್ತಾ? 'ಎನ್‌ಒಸಿ ಸಿಕ್ಕಿದೆ, ಪರೀಕ್ಷೆ ಆದ ಹಾಗೇ' ಅನ್ನುವುದೂ ತಪ್ಪು. ಆ ಕಾಗದ ಕಟ್ಟಲು ಕೊಟ್ಟ ಅನುಮತಿ, ನೆಲದ ಕೆಳಗೆ ನೋಡಿದ್ದಕ್ಕೆ ಸಾಕ್ಷಿಯಲ್ಲ.

ಸುದ್ದಿ ಬರೆಯುವವರಿಗೆ ಇನ್ನೊಂದು ಮಾತು. ಅದೇ 1958ರ ಕಾಯ್ದೆಯಂತೆ ರಾಜ್ಯ ಸರ್ಕಾರ ಕೂಡ ಕೇಂದ್ರದ ಒಪ್ಪಿಗೆಯಿಲ್ಲದೆ ಪುರಾತತ್ವ ಉತ್ಖನನ ಮಾಡುವಂತಿಲ್ಲ. ಪಾಯ ತೆಗೆಸಿದ ಮನೆ ಯಜಮಾನರು 'ಉತ್ಖನನ ನಡೆಸಿದರು' ಎಂದು ಬರೆದರೆ ಸುಮ್ನೆ ಅವರ ಮೇಲೊಂದು ಕೇಸು ಹೊರಿಸಿದಂತೆ.