ಫ್ಯಾಟ್ ಬೈಕ್ ಒಂದೇ ಸಾಕೇ, ಕಚೇರಿಗೂ ರೇಸಿಗೂ?

ಪ್ರಶ್ನೆ: ನಾನು ಧಾರವಾಡದವನು. ಕೆಲಸದ ನಿಮಿತ್ತ ಪುಣೆಯ ಕೋಥರೂಡಿನಲ್ಲಿ ಮನೆ ಮಾಡಿದ್ದೇನೆ. ಹಿಂಜವಡಿಯ ಕಚೇರಿಗೆ ವಾರದಲ್ಲಿ ಮೂರು ದಿನವಾದರೂ ಸೈಕಲ್ ತುಳಿದೇ ಹೋಗಬೇಕೆಂಬ ಆಸೆ. ಅಂಗಡಿಯಲ್ಲಿ ಕಂಡ ದಪ್ಪ ಟೈರಿನ ಫ್ಯಾಟ್ ಬೈಕ್ ಮನಸ್ಸಿಗೆ ಹಿಡಿಸಿದೆ. ಮಳೆಗಾಲದ ಗುಂಡಿಗಳಿಗೆ ಅದೇ ಸರಿ ಎಂದು ಅಂಗಡಿಯವರೂ ಹೇಳುತ್ತಾರೆ. ಮುಂದೆ ಒಂದೆರಡು ರೇಸುಗಳಲ್ಲಿ ಭಾಗವಹಿಸುವ ಮನಸ್ಸೂ ಇದೆ. ಎರಡಕ್ಕೂ ಈ ಒಂದು ಸೈಕಲ್ ಸಾಕಾಗುತ್ತದೆಯೇ?

ಉತ್ತರ: ಸಾಕಾಗುವುದಿಲ್ಲ. ಕಚೇರಿಗೆ ಹೋಗಿಬರಲು ಫ್ಯಾಟ್ ಬೈಕ್ ನಡೆಯುತ್ತದೆ, ಆದರೆ ದಿನವೂ ಬೇಡದ ದಣಿವು ಕೊಡುತ್ತದೆ. ಡಾಂಬರು ರಸ್ತೆಯ ರೇಸಿಗಂತೂ ಅದನ್ನು ಒಯ್ಯಬೇಡಿ. ಹಾಗೆಂದು ಅದು ಕೆಟ್ಟ ಸೈಕಲ್ ಅಲ್ಲ. ಯಾವ ನೆಲಕ್ಕಾಗಿ ಹುಟ್ಟಿತೋ ಆ ನೆಲದಲ್ಲಿ ಅದಕ್ಕೆ ಸಾಟಿಯಿಲ್ಲ. ನಿಮ್ಮ ದಾರಿಯಲ್ಲಿ ಆ ನೆಲ ಇಲ್ಲ ಎಂಬುದೇ ತೊಡಕು.

ಈ ಸೈಕಲ್ ರೂಪುಗೊಂಡದ್ದು ಹಿಮ ಮತ್ತು ಮರಳಿನಲ್ಲಿ. ಅಲಾಸ್ಕಾದಲ್ಲಿ 1987ರಲ್ಲಿ ಇಡಿಟಾಬೈಕ್ ಎಂಬ ಹಿಮದ ದಾರಿಯ ಸ್ಪರ್ಧೆ ಶುರುವಾದಾಗ ಸಾಮಾನ್ಯ ಟೈರುಗಳು ಹಿಮದಲ್ಲಿ ಹೂತುಹೋಗುತ್ತಿದ್ದವು. ಅಲ್ಲಿನವರು ಎರಡು ರಿಮ್‌ಗಳನ್ನು ಒಂದಕ್ಕೊಂದು ಜೋಡಿಸಿ ಅಗಲ ಮಾಡಿಕೊಂಡರು. ಅಮೆರಿಕದ ನೈಋತ್ಯದ ಮರಳುಗಾಡಿನಲ್ಲೂ ಸರಿಸುಮಾರು ಅದೇ ಕಾಲಕ್ಕೆ ಇಂಥ ಪ್ರಯೋಗಗಳು ನಡೆದವು. 2005ರಲ್ಲಿ ಮಿನೆಸೋಟದ ಸರ್ಲಿ ಕಂಪನಿ ‘ಪಗ್ಸ್ಲಿ’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಅಂಗಡಿಯಲ್ಲಿ ಸಿಗುವ ವಸ್ತುವಾಯಿತು.

ಟೈರಿನ ಕೆಲಸವನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರವೆಲ್ಲ ಅಲ್ಲೇ ಇದೆ. ರೋಡ್ ಬೈಕಿನ, ಅಂದರೆ ಡಾಂಬರು ರಸ್ತೆಯ ವೇಗಕ್ಕೆಂದೇ ಮಾಡಿದ ಸೈಕಲ್ಲಿನ ಟೈರು 25ರಿಂದ 32 ಮಿಲಿಮೀಟರ್ ಅಗಲ. ಫ್ಯಾಟ್ ಬೈಕಿನದು ಸುಮಾರು 4 ಇಂಚು, ಅಂದರೆ 100 ಮಿಲಿಮೀಟರ್. ಹಿಂದಿನ ಚಕ್ರದ ಮೇಲೆ 55 ಕಿಲೋ ಭಾರ ಬೀಳುತ್ತದೆ ಎಂದುಕೊಳ್ಳಿ. ಟೈರಿನಲ್ಲಿ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ಆ ಭಾರ ನೆಲದ ಮೇಲೆ ಸುಮಾರು 10 ಚದರ ಸೆಂಟಿಮೀಟರ್ ಜಾಗದಲ್ಲಿ ಕೂರುತ್ತದೆ. 10 ಪಿಎಸ್‌ಐ ಇದ್ದರೆ ಅದೇ ಭಾರ ಸುಮಾರು 78 ಚದರ ಸೆಂಟಿಮೀಟರಿಗೆ, ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗಕ್ಕೆ ಹರಡುತ್ತದೆ. ಮರಳಿನಲ್ಲಿ ಹೂಳದೆ ತೇಲಿಕೊಂಡು ಹೋಗುವ ಗುಣ ಬರುವುದು ಇದರಿಂದ.

ಡಾಂಬರಿನಲ್ಲಿ ಹೂಳುವ ಭಯವೇ ಇಲ್ಲ. ಅಲ್ಲಿ ಇದೇ ಗುಣಕ್ಕೆ ನೀವು ಬೆಲೆ ತೆರುತ್ತೀರಿ. ಚಕ್ರ ಉರುಳಿದಂತೆಲ್ಲ ರಬ್ಬರು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಬಾಗಿಸಲು ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ಕಳೆದುಹೋಗುತ್ತದೆ. ದಪ್ಪ ರಬ್ಬರು, ಉಬ್ಬುಉಬ್ಬಾದ ಹಲ್ಲುಗಳು, ಕಡಿಮೆ ಗಾಳಿ ಮೂರೂ ಸೇರಿದರೆ ನಷ್ಟ ಹೆಚ್ಚು. ‘ಹಾಗಾದರೆ ಗಾಳಿ ಹೆಚ್ಚು ತುಂಬಿಸುತ್ತೇನೆ’ ಎನ್ನಬಹುದು. ಅದಕ್ಕೂ ಮಿತಿಯಿದೆ. ಟೈರು ಅಗಲವಾದಷ್ಟೂ ಒಂದೇ ಒತ್ತಡಕ್ಕೆ ಅದರ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. 1 ಇಂಚಿನ ಟೈರಿಗೆ 80 ಪಿಎಸ್‌ಐ ಕೊಡುವ ಎಳೆತವನ್ನು 4 ಇಂಚಿನ ಟೈರಿಗೆ 20 ಪಿಎಸ್‌ಐ ಕೊಟ್ಟುಬಿಡುತ್ತದೆ. ಆದ್ದರಿಂದಲೇ ಇಂಥ ಟೈರುಗಳ ಮಗ್ಗುಲಲ್ಲಿ ಗರಿಷ್ಠ ಒತ್ತಡ 20 ಅಥವಾ 30 ಎಂದು ಅಚ್ಚಾಗಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಅಳತೆಗೆ ಗಾಳಿ ಹಾಕಿಸುವ ಕೆಲಸ ಖಂಡಿತ ಬೇಡ. ಇನ್ನೊಂದು ತುದಿಯಲ್ಲಿ, ರಸ್ತೆಯಲ್ಲಿ 8–10 ಪಿಎಸ್‌ಐ ಇಟ್ಟುಕೊಂಡು ಹೋದರೆ ತಿರುವಿನಲ್ಲಿ ಹ್ಯಾಂಡಲ್ ತಾನಾಗಿಯೇ ಎಳೆಯುತ್ತದೆ. ಬೈಪಾಸಿನ ಲಾರಿಗಳ ನಡುವೆ ಅದು ಅಪಾಯ.

ಈಗ ನಿಮ್ಮ ದಾರಿಗೆ ಬರೋಣ. ಕೋಥರೂಡ್ ಡಿಪೋ ದಾಟಿ ಚಾಂದಣಿ ಚೌಕದ ಏರು ಹತ್ತಬೇಕು, ಆಮೇಲೆ ಬೈಪಾಸಿನ ಎದುರುಗಾಳಿ, ಕೊನೆಗೆ ಹಿಂಜವಡಿಯ ದಟ್ಟಣೆ. ಎಲ್ಲ ಸೇರಿ ಹದಿನೈದು ಕಿಲೋಮೀಟರ್ ಆಸುಪಾಸು. ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನದಾದ ಹೈಬ್ರಿಡ್ ಸೈಕಲ್‌ನಲ್ಲಿ ಗಂಟೆಗೆ 20 ಕಿಲೋಮೀಟರ್ ಸಾಗುವವರು ಅದೇ ಶ್ರಮಕ್ಕೆ ಫ್ಯಾಟ್ ಬೈಕಿನಲ್ಲಿ 16ಕ್ಕೆ ಇಳಿದರು ಎಂದು ಹಿಡಿದರೆ, ಮುಕ್ಕಾಲು ಗಂಟೆಯ ದಾರಿ 56 ನಿಮಿಷವಾಗುತ್ತದೆ. ಹೋಗಿಬರುವಾಗ ಒಟ್ಟು ಇಪ್ಪತ್ತಕ್ಕೂ ಹೆಚ್ಚು ನಿಮಿಷ ಹೆಚ್ಚುವರಿ. ಸೋಮವಾರ ಉತ್ಸಾಹದಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ, ಗುರುವಾರ ಬರುತ್ತದೆ. ಸೈಕಲ್ ಮೂಲೆ ಸೇರಿ ಸ್ಕೂಟರ್ ಹೊರಬೀಳುವುದು ಹೀಗೆಯೇ, ಮತ್ತು ನನಗೆ ನಿಜವಾಗಿ ಬೇಸರ ತರಿಸುವ ಸಂಗತಿ ಅದು. ಒಂದು ಕಾಲಕ್ಕೆ ಸೈಕಲ್ ಸವಾರರ ಊರೆಂದೇ ಹೆಸರಾಗಿದ್ದ ಪುಣೆಯಲ್ಲಿ, ಹೊಸಬರೊಬ್ಬರು ತುಳಿಯಲು ಹೊರಟಾಗ ತಪ್ಪು ಸೈಕಲ್ ಅವರ ಕೈ ಹಿಡಿದು ನಿಲ್ಲಿಸಬಾರದು.

ಗುಂಡಿಗಳ ವಿಷಯದಲ್ಲಿ ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಜುಲೈ ತಿಂಗಳ ಒಡೆದ ರಸ್ತೆ, ಅಗೆದುಬಿಟ್ಟ ಬದಿ, ಎತ್ತರ ತಗ್ಗಾದ ರಸ್ತೆ ಉಬ್ಬು, ಇವೆಲ್ಲದರ ಹೊಡೆತವನ್ನು ದಪ್ಪ ಟೈರು ಚೆನ್ನಾಗಿಯೇ ಹೀರುತ್ತದೆ. ಆದರೆ ಅಷ್ಟಕ್ಕೆ 4 ಇಂಚು ಬೇಕಿಲ್ಲ. 40 ಮಿಲಿಮೀಟರಿನಿಂದ 2.2 ಇಂಚಿನವರೆಗಿನ ಟೈರಿಗೆ ಸರಿಯಾದ ಗಾಳಿ ಹಾಕಿದರೆ ಪುಣೆಯ ಬಹುಪಾಲು ಗುಂಡಿಗಳನ್ನು ದಾಟಬಹುದು. ಮಳೆಯಲ್ಲಿ ಇನ್ನೊಂದು ಕಷ್ಟ: ಸಾಮಾನ್ಯ ಮಡ್‌ಗಾರ್ಡು ಫ್ಯಾಟ್ ಬೈಕಿಗೆ ಕೂರುವುದಿಲ್ಲ, ಅಗಲವಾದ ಟೈರು ಎರಚುವ ಕೆಸರು ನೇರವಾಗಿ ಬೆನ್ನಿಗೆ. ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ಆ ಅಳತೆಯ ಟ್ಯೂಬು ಸಿಗುವುದು ಅಪರೂಪ. ಒಂದನ್ನು ಚೀಲದಲ್ಲಿ ಇಟ್ಟುಕೊಂಡೇ ತಿರುಗಬೇಕು.

ಮೊಣಕಾಲಿನ ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಟೈರಿಗೆ ಜಾಗ ಬಿಡಲು ಫ್ಯಾಟ್ ಬೈಕಿನ ಪೆಡಲುಗಳನ್ನು ದೂರ ಇಡಬೇಕಾಗುತ್ತದೆ. ರೋಡ್ ಬೈಕಿನಲ್ಲಿ ಎರಡು ಕ್ರ್ಯಾಂಕುಗಳ (ಪೆಡಲು ಕೂರಿಸುವ ತೋಳುಗಳ) ನಡುವಿನ ಹೊರ ಅಂತರ ಸುಮಾರು 150 ಮಿಲಿಮೀಟರ್ ಇದ್ದರೆ ಇಲ್ಲಿ 200 ದಾಟುತ್ತದೆ. ಸೊಂಟ ಅಗಲವಿರುವವರಿಗೆ ಇದು ಗೊತ್ತೇ ಆಗದಿರಬಹುದು. ಬೇರೆಯವರಿಗೆ ಗಂಟೆಗಟ್ಟಲೆ ತುಳಿದಾಗ ಮೊಣಕಾಲಿನ ಬದಿ ನೋಯಲು ಶುರುವಾಗುತ್ತದೆ.

ಇನ್ನು ರೇಸು. ತೂಕದಿಂದಲೇ ಸೋಲುತ್ತೇವೆ ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ರೋಡ್ ಬೈಕಿಗಿಂತ 8 ಕಿಲೋ ಹೆಚ್ಚು ತೂಗುವ ಸೈಕಲ್‌ನಲ್ಲಿ, 150 ವ್ಯಾಟ್ ಶಕ್ತಿ ಹಾಕುವ ಸವಾರ ಸಿಂಹಗಡದಂಥ ಏರಿನಲ್ಲಿ 600 ಮೀಟರ್ ಮೇಲೇರಿದರೆ, ಆ ಹೆಚ್ಚುವರಿ ತೂಕವೊಂದಕ್ಕೇ ತಗಲುವ ಸಮಯ ಐದು ನಿಮಿಷದಷ್ಟು. ರೇಸಿನಲ್ಲಿ ಐದು ನಿಮಿಷ ದೊಡ್ಡದೇ. ಆದರೆ ಅದಕ್ಕಿಂತ ದೊಡ್ಡ ಹೊಡೆತ ಸಮತಟ್ಟಿನಲ್ಲಿದೆ. ರಸ್ತೆ ರೇಸು ಗುಂಪಿನ ಆಟ. ಮುಂದಿನವರ ಬೆನ್ನಿನ ಮರೆಯಲ್ಲಿ ಗಾಳಿಯಿಂದ ತಪ್ಪಿಸಿಕೊಂಡೇ ಶಕ್ತಿ ಉಳಿಸಬೇಕು. ಗುಂಪು ಗಂಟೆಗೆ 35–40 ಕಿಲೋಮೀಟರ್ ಓಡುವಾಗ ದಪ್ಪ ಟೈರಿನವರು ಅದಕ್ಕೆ ಅಂಟಿಕೊಂಡಿರಲಾರರು. ಒಮ್ಮೆ ಹಿಂದೆ ಬಿದ್ದರೆ ಪೂರ್ತಿ ಗಾಳಿಯನ್ನು ಒಬ್ಬರೇ ಎದುರಿಸಬೇಕು, ಅಂತರ ಬೆಳೆಯುತ್ತಲೇ ಹೋಗುತ್ತದೆ. ಮುಂಬೈ–ಪುಣೆ ಸ್ಪರ್ಧೆಯಲ್ಲಿ ಬೋರ್ ಘಾಟ್ ಮೊದಲು ಹತ್ತಿದವರಿಗೆ ‘ಘಾಟಾಚಾ ರಾಜಾ’ ಎಂಬ ಬಿರುದು ಸಿಗುತ್ತದೆ. 2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ಈ ಜಿಲ್ಲೆಯ ರಸ್ತೆಗಳಿಗೆ ಅಂತರರಾಷ್ಟ್ರೀಯ ಸವಾರರನ್ನೇ ಕರೆತಂದಿತು. ಆ ಬಗೆಯ ಸ್ಪರ್ಧೆಯ ಕನಸು ಇದ್ದರೆ ರೋಡ್ ಬೈಕ್ ಬಿಟ್ಟು ಬೇರೆ ದಾರಿಯಿಲ್ಲ.

ಫ್ಯಾಟ್ ಬೈಕಿಗೆ ಅದರದೇ ರೇಸುಗಳಿವೆ, ಅವು ಇಲ್ಲಿಂದ ದೂರ. ಮಿನೆಸೋಟದ ಆ್ಯರೋಹೆಡ್ 135 ಜನವರಿಯ ಕಡುಚಳಿಯಲ್ಲಿ 135 ಮೈಲಿ ಹಿಮದ ದಾರಿ. ಅಲಾಸ್ಕಾದ ಇಡಿಟರಾಡ್ ಟ್ರೇಲ್ ಇನ್ವಿಟೇಷನಲ್ ಸಾವಿರ ಮೈಲಿವರೆಗೂ ಸಾಗುತ್ತದೆ.

ಸ್ಪರ್ಧೆಗಿಂತ ದೂರ ಕ್ರಮಿಸುವ ಆಸೆ ನಿಮ್ಮದಾಗಿದ್ದರೆ ಬ್ರೆವೆ ಸವಾರಿಗಳನ್ನು ಗಮನಿಸಿ. ಅಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ, ಗಡುವಿನೊಳಗೆ ಮುಗಿಸಿದರೆ ಸಾಕು. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, ಅಂದರೆ ಊಟ, ಚಹಾ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ ಸುಮಾರು 15 ಕಿಲೋಮೀಟರ್. ಗಟ್ಟಿ ಸವಾರರು ಫ್ಯಾಟ್ ಬೈಕಿನಲ್ಲೂ ಮುಗಿಸಬಲ್ಲರು. ಮೊದಲ ಬ್ರೆವೆಗೆ ಆ ಹಟ ಬೇಡ.

ಯಾರಿಗೆ ಇದು ಒಪ್ಪುತ್ತದೆ? ಕಚೇರಿ ಐದಾರು ಕಿಲೋಮೀಟರಿನೊಳಗೆ ಇದ್ದು, ಅವಸರವಿಲ್ಲದೆ, ವಾರಾಂತ್ಯದಲ್ಲಿ ಖಡಕವಾಸಲಾದ ಹಿಂದಿನ ಕಚ್ಚಾ ದಾರಿಗಳಲ್ಲೋ ದಿವೇಆಗರದ ಕಡಲ ತೀರದಲ್ಲೋ ಓಡಿಸುವವರಿಗೆ. ಇಳಿತದ ಹೊತ್ತಿನ ಒದ್ದೆ ಮರಳಿನ ಮೇಲೆ ಫ್ಯಾಟ್ ಬೈಕ್ ಕೊಡುವ ಸುಖವನ್ನು ಬೇರೆ ಸೈಕಲ್ ಕೊಡಲಾರದು. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ ಹಾಕಬೇಕು, ಇಲ್ಲವಾದರೆ ಉಪ್ಪು ಚಕ್ರದ ನಡುವಿನ ಹಬ್ ಅನ್ನೂ ಚೈನನ್ನೂ ತಿಂದುಹಾಕುತ್ತದೆ. ಮೋಟಾರಿರುವ ದಪ್ಪ ಟೈರಿನ ಸೈಕಲ್ ಕಚೇರಿಗೆ ಬೇರೆಯೇ ಮಾತು, ಟೈರಿನ ನಷ್ಟವನ್ನು ಬ್ಯಾಟರಿ ಹೊರುತ್ತದೆ. 250 ವ್ಯಾಟ್, ಗಂಟೆಗೆ 25 ಕಿಲೋಮೀಟರಿನ ಮಿತಿಯೊಳಗಿದ್ದರೆ ನೋಂದಣಿಯೂ ಬೇಡ.

ನಿಮಗೆ ನನ್ನ ಸಲಹೆ 38–40 ಮಿಲಿಮೀಟರ್ ಟೈರಿನ ಹೈಬ್ರಿಡ್. ಹಣ ಸ್ವಲ್ಪ ಹೆಚ್ಚಿದ್ದರೆ ಗ್ರಾವೆಲ್ ಬೈಕ್, ಅಂದರೆ ಕಚ್ಚಾ ದಾರಿಗೂ ಒಗ್ಗುವ ರೋಡ್ ಬೈಕ್. ಕಚೇರಿ, ಮಳೆ, ಬ್ರೆವೆ ಮೂರನ್ನೂ ಅವು ನಿಭಾಯಿಸುತ್ತವೆ. ಇಷ್ಟಾದರೂ ಫ್ಯಾಟ್ ಬೈಕಿನ ಮೇಲಿನ ಮನಸ್ಸು ಕರಗದಿದ್ದರೆ, ಕೊಳ್ಳುವ ಮುನ್ನ ಒಂದು ದಿನದ ಮಟ್ಟಿಗೆ ಎರವಲಾಗಿಯೋ ಬಾಡಿಗೆಗೋ ತನ್ನಿ. ಟೈರಿಗೆ 18–20 ಪಿಎಸ್‌ಐ ಗಾಳಿ ತುಂಬಿಸಿ, ಆಫೀಸ್ ಚೀಲ ಹೊತ್ತು, ಕಚೇರಿಯ ಹೊತ್ತಿಗೇ ಚಾಂದಣಿ ಚೌಕ ಹತ್ತಿ ಹಿಂಜವಡಿ ಮುಟ್ಟಿ, ಸಂಜೆ ಅದರಲ್ಲೇ ಮರಳಿ. ಅಂಗಡಿಯಲ್ಲಿ ಸೈಕಲನ್ನು ತಕ್ಕಡಿಗೆ ಹಾಕಿಸಿ ತೂಕ ನೋಡಿ. 18 ಕಿಲೋ ದಾಟಿದರೆ ಬಿಟ್ಟುಬಿಡಿ. ಅದೇ ಅಳತೆಯ ಬಿಡಿ ಟೈರು, ಟ್ಯೂಬು ಈಗಲೇ ಕೈಗೆ ಸಿಗುತ್ತವೆಯೇ ಎಂದು ಕೇಳಿ. ‘ತರಿಸಿಕೊಡುತ್ತೇವೆ’ ಎಂಬ ಉತ್ತರ ಬಂದರೆ ಮುಂದಿನ ಅಂಗಡಿಗೆ ಹೋಗಿ.